ಮಾವನಿಗೆ ಬೇಕಾದ್ದೊಂದು

ನಮ್ಮ ಸೋದರಮಾವನನ್ನು ಕಂಡರೆ ತಿ. ನರಸೀಪುರದ ಬೀದಿನಾಯಿಗಳೂ ಹೆದರುವುದಿಲ್ಲ. ನನಗೆ ಮಾತ್ರ ಆರು ತಿಂಗಳು ಎದೆ ನಡುಗಿತು! ಕಾರಣ, ತೀರಿಕೊಂಡ ಅಪ್ಪನ ಉಯಿಲು. ಮನೆಯನ್ನೂ ಗದ್ದೆಯನ್ನೂ ನನಗೂ ತಂಗಿಗೂ ಹಂಚಿಕೊಡುವ ಜವಾಬ್ದಾರಿಯನ್ನು ಈ ಒಂಟಿ ಭಾಮೈದನಿಗೆ ವಹಿಸಿ, ಅಪ್ಪ ಕೊನೆಗೊಂದು ಸಾಲು ಬರೆಸಿದ್ದರು: 'ಈ ಶ್ರಮಕ್ಕೆ ಪ್ರತಿಫಲವಾಗಿ ನನ್ನದರಲ್ಲಿ ತನಗೆ ಬೇಕಾದ್ದೊಂದನ್ನು ಆತ ತೆಗೆದುಕೊಳ್ಳತಕ್ಕದ್ದು.'

ಬೇಕಾದ್ದೊಂದು! ನಂಜನಗೂಡಿನಲ್ಲಿ ನಾವು ವಾಸವಿರುವ ಮನೆಯೂ ಒಂದೇ ಅಲ್ಲವೇ?

ಬದುಕಿದ್ದಾಗ ಅಪ್ಪ ದಿನಾ ಬೆಳಿಗ್ಗೆ ಮಾವನಿಗೆ ಫೋನು ಮಾಡಿ, "ಲೇ ದಂಡಪಿಂಡ, ಎದ್ದೇನ್ಲಾ? ತಿಂಡಿ ತಿಂದೇನ್ಲಾ?" ಎಂದು ಬೈಯದಿದ್ದರೆ ಅವರಿಗೆ ಕಾಫಿಯೇ ಇಳಿಯುತ್ತಿರಲಿಲ್ಲ. ಬೈಸಿಕೊಂಡವರ ಕೈಗೆ ಈಗ ನಮ್ಮ ಜುಟ್ಟು!

ಮೊದಲ ದಿನವೇ ಮಾವ ಟೇಪು ಹಿಡಿದು ಬಂದು ಬಚ್ಚಲನ್ನೂ ಬಿಡದೆ ಅಳೆದರು.

"ಯಾಕೆ ಮಾವ?"

"ನೋಡ್ಕೋತೀನಿ ಬುಡ್ಲಾ."

ಅಯ್ಯೋ, ಈ ಮಾತನ್ನು ಆಸ್ಪತ್ರೆಯಲ್ಲಿ ಹೇಳುವವರೂ ಉಂಟು, ಜಗಳದಲ್ಲಿ ಹೇಳುವವರೂ ಉಂಟು. ಇವರದು ಯಾವುದು?

ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಹೋದಾಗ ಗುಮಾಸ್ತರು 'ಸರ್ವರ್ ಇಲ್ಲ' ಎಂದರು. ಬೇರೆಯವರಾದರೆ ಮನೆಗೆ ಹೋಗುತ್ತಿದ್ದರು. ಮಾವ ಬೆಂಚಿನ ಮೇಲೆ ಟವಲು ಹಾಸಿ ಮಲಗಿದರು. "ಬರ್ಲಿ ಬುಡಿ ಸಾ, ನಂಗೇನೂ ಅರ್ಜೆಂಟಿಲ್ಲ." ಮೂರನೆಯ ದಿನ ಆ ಗೊರಕೆ ತಾಳಲಾರದೆ ಸರ್ವರ್ರೇ ಎದ್ದು ಕೂತಿತು!

ಇಷ್ಟು ಒದ್ದಾಡಿದವರು ಕೊನೆಗೆ ತಟ್ಟೆ ಲೋಟ ಕೇಳುತ್ತಾರೆಯೇ? ನನಗೆ ಅನ್ನ ಸೇರದಾಯಿತು. ಹೆಂಡತಿ ಗುಟ್ಟಾಗಿ ಬಾಡಿಗೆ ಮನೆ ವಿಚಾರಿಸತೊಡಗಿದಳು.

ಕಳೆದ ಸೋಮವಾರ ಮಾವ ಎಲ್ಲ ಪತ್ರಗಳನ್ನೂ ನನ್ನ ಕೈಗಿತ್ತು, ಗೋಡೆ ಸೂರು ಎಲ್ಲವನ್ನೂ ಒಮ್ಮೆ ನೋಡಿದರು.

"ಈಗ ನಂಗ್ ಬೇಕಾದ್ದು ಕೊಡ್ಲಾ."

ನಾನು ಪತ್ರಗಳನ್ನು ಎದೆಗವಚಿಕೊಂಡೆ. "ಏನು ಮಾವ?"

"ಭಾವನ ಬೈಗುಳ."

"ಆಂ?"

"ದಿನಾ ಬೆಳಿಗ್ಗೆ ನೀನು ಫೋನ್ ಮಾಡಿ ಬಯ್ಬೇಕು ಕಣ್ಲಾ. ಭಾವ ಒಂಟೋದ್ಮೇಲೆ, ನಾನು ಎದ್ನಾ ಇಲ್ವಾ ಅಂತ ಕೇಳೋರೇ ಇಲ್ಲ."

ಮನೆ ಉಳಿಯಿತು. ಆದರೆ ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಆರು ತಿಂಗಳಲ್ಲಿ ನಾನು ಒಂದು ದಿನವಾದರೂ 'ತಿಂಡಿ ಆಯಿತೇ ಮಾವ' ಎಂದು ಕೇಳಿದ್ದೆನೇ?

ಮರುದಿನ ಬೆಳಿಗ್ಗೆ ಫೋನು ಮಾಡಿದೆ. "ಲೇ..." ಎಂದೆ, ಮುಂದಿನದು ಬಾಯಿಗೆ ಬರಲಿಲ್ಲ.

"ದಂಡಪಿಂಡ ಅನ್ನಪ್ಪಾ," ಎಂದರು ಆ ಕಡೆಯಿಂದ ಮಾವ, ಮೆಲ್ಲಗೆ. "ಎದ್ದಿವ್ನಿ."