ನಮ್ಮ ಮನೆ ದಿಂಬು, ಪಕ್ಕದ ಮನೆ ಸೂಜಿ

ಅವರೆಕಾಯಿ ಕಾಲ ಬಂತೆಂದರೆ ಊರಿನ ಸುದ್ದಿಗಳೆಲ್ಲ ನಮ್ಮ ಮನೆಯ ಬೋಗುಣಿಯ ಮುಂದೆಯೇ ಬಂದು ಕೂರುತ್ತವೆ. ನೆನೆಸಿದ ಕಾಳನ್ನು ಬೆರಳ ತುದಿಯಲ್ಲಿ ಒತ್ತಿ, ಸಿಪ್ಪೆಯಿಂದ ಬೇಳೆ ಹಾರಿಸುತ್ತ ಕೂತ ಹೆಂಗಸಿಗೆ ಎದ್ದು ಓಡುವ ಹಾಗಿಲ್ಲ. ಕೈಗೆ ಕೆಲಸ, ಕಿವಿ ಖಾಲಿ. ಸುದ್ದಿ ಹೊತ್ತು ತಿರುಗುವವರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗಬೇಕು? ಆ ಬುಧವಾರವೂ ಹಾಗೇ ಆಯಿತು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು, ಹಾಲು ಒಡೆದಿರಲಿಲ್ಲ, ಎರಡಕ್ಕೂ ದೇವರಿಗೆ ಕೈಮುಗಿದು ಹಿತಕಲು ಕೂತಿದ್ದೆ. ಆಶಾ ಕಾರ್ಯಕರ್ತೆ ರತ್ನಮ್ಮ ಬಾಗಿಲಲ್ಲಿ ನಿಂತಳು. ಅದೇ ಹೊತ್ತಿಗೆ ನನ್ನ ಬೆರಳಿಂದ ಹಾರಿದ ಬೇಳೆಯೊಂದು ನೆಟ್ಟಗೆ ಹೋಗಿ ಅವಳ ಹಣೆಯ ಕುಂಕುಮದ ಮೇಲೆ ಕೂತಿತು.

"ಒಳ್ಳೆ ಮರ್ಯಾದೆ ಕಣಕ್ಕಾ," ಎಂದು ಒರೆಸಿಕೊಂಡು ಅವಳು ಮೆಟ್ಟಿಲ ಮೇಲೆ ಕೂತಳು. ಬಂಗಾರಪೇಟೆ ಪಕ್ಕದ ಹಳ್ಳಿಯವಳು, ಮಾತಿಗೆ ಮುಚ್ಚಳವಿಲ್ಲ. "ಆ ಕಡೆ ಲೈನ್ನಾಗೆ ಒಂದು ಮಗೂಗೆ ದಡಾರ ಎದ್ದೈತೆ. ನಿಮ್ ಪಕ್ಕದ ಮನೆ ಸೆಲ್ವಿ ಮಗೂಗೆ ಒಂಬತ್ತು ತಿಂಗಳ ಸೂಜಿ ಇನ್ನೂ ಆಕ್ಸಿಲ್ಲ. ಎರಡು ಸಲ ಏಳಿದ್ದೀನಿ. ಬತ್ತೀನಕ್ಕಾ ಬತ್ತೀನಕ್ಕಾ ಅಂತಾಳೆ, ಬರಾಕಿಲ್ಲ. ನಾಳೆ ಗುರುವಾರ ಅಂಗನವಾಡಿಗೆ ಸಿಸ್ಟರ್ ಬತ್ತಾರೆ. ನೀವು ಭಜನೆ ಮಾಡೋರು, ನಿಮ್ ಭಕ್ತಿಗಾದ್ರೂ ಬಗ್ತಾಳೆ, ಒಂದು ಮಾತು ಏಳಿ."

"ಯಾಕಂತೆ ಬರಲ್ಲ?"

"ನಂಗೂ ಅದೇ ತಿಳ್ಯಾಕಿಲ್ಲ. ಒಬ್ಬೊಬ್ಬರದು ಒಂದೊಂದು. ಕೂಲಿಗೆ ಓಗೋಳು ಅವತ್ತಿನ ಕೂಲಿ ಓಯ್ತದೆ ಅಂತಾಳೆ. ಇನ್ನೊಬ್ಬಳು ತವರಲ್ಲಿ ಆಕ್ಸೈತೆ ಅಂತಾಳೆ, ತವರೋರ್ನ ಕೇಳಿದ್ರೆ ಗಂಡನ ಮನೇಲಿ ಆಕ್ಸವ್ರೆ ಅಂತಾರೆ. ಮತ್ತೊಬ್ಬಳು ಮೊಬೈಲ್‌ನಾಗೆ ಬಂದ ವಿಡಿಯೋ ನಂಗೇ ತೋರ್ಸಿ ಎದರಿಸ್ತಾಳೆ. ಈ ಸೆಲ್ವಿ ಮಾತ್ರ ಏನೂ ಏಳ್ದೆ ನಗ್ತಾಳೆ. ನಗೋರ್ನ ಏನ್ ಮಾಡಾನ?"

ರತ್ನಮ್ಮನಿಗೆ ತಿಳಿಯದ್ದು ನನಗೆ ತಕ್ಷಣ ತಿಳಿದುಬಿಟ್ಟಿತು. ಮಾರಮ್ಮನ ಭಯ! ದಡಾರ ಅಂದರೆ ಅಮ್ಮ ಬಂದದ್ದು, ಸೂಜಿ ಹಾಕಿಸಿದರೆ ಅಮ್ಮನಿಗೆ ಕೋಪ ಎಂದು ನಂಬಿದವರ ನಡುವೆಯೇ ನಾನೂ ಬೆಳೆದದ್ದು. ನಮ್ಮ ಹಳ್ಳಿಗೆ ಸೂಜಿಯವರ ಜೀಪು ಬಂತೆಂದರೆ ನಮ್ಮಜ್ಜಿ ನನ್ನನ್ನು ಕೋಳಿ ಮುಚ್ಚುವ ಬುಟ್ಟಿಯ ಕೆಳಗೆ ಕೂರಿಸಿ ಮೇಲೊಂದು ಗೋಣಿಚೀಲ ಎಸೆಯುತ್ತಿತ್ತು. ಒಂದು ಸಲ ಒಳಗೆ ಮೊದಲೇ ಒಂದು ಹ್ಯಾಟೆ ಇತ್ತು. ಅದು ನನ್ನ ಕಾಲು ಕುಕ್ಕಿತು, ನಾನು ಬುಟ್ಟಿ ಹೊತ್ತುಕೊಂಡೇ ಎದ್ದು ಓಡಿದೆ. ಅಂಗಳದಲ್ಲಿ ಓಡುತ್ತಿದ್ದ ಬುಟ್ಟಿಯನ್ನು ಹಿಡಿದು ಕಾಂಪೌಂಡರು ಸೂಜಿ ಚುಚ್ಚಿದರು. ಅಮ್ಮನಿಗೆ ಕೋಪ ಬರಲಿಲ್ಲ. ಹ್ಯಾಟೆ ಮಾತ್ರ ಎರಡು ದಿನ ಮೊಟ್ಟೆ ಇಡಲಿಲ್ಲ.

ಇಷ್ಟೆಲ್ಲ ಅನುಭವ ಇರುವ ನಾನು ಸೆಲ್ವಿಗೆ ಬುದ್ಧಿ ಹೇಳದೆ ಇನ್ಯಾರು ಹೇಳಬೇಕು? ಬೋಗುಣಿ ಎತ್ತಿಕೊಂಡು ಪಕ್ಕದ ಮನೆಗೆ ಹೊರಟೆ. ಪಕ್ಕದ ಮನೆ ಅನ್ನುವುದೂ ಲೆಕ್ಕಕ್ಕೆ ಅಷ್ಟೆ. ಚಿನ್ನದ ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಚಾಂಪಿಯನ್ ರೀಫ್ಸಿನ ಈ ಲೈನು ಮನೆಗಳಿಗೆ ನಡುವೆ ಒಂದೇ ಗೋಡೆ. ನಮ್ಮ ಮಾವನವರು ಗಣಿಗೆ ಇಳಿಯುತ್ತಿದ್ದ ಕಾಲದ ಗೋಡೆ, ಬೆನ್ನು ಒರಗಿಸಲು ಗಟ್ಟಿ, ಸದ್ದು ತಡೆಯಲು ಕಾಗದ. ಅವರ ಒಗ್ಗರಣೆಗೆ ನಾವು ಸೀನುತ್ತೇವೆ, ನಮ್ಮ ಸೀನಿಗೆ ಅವರು ಆಯುಷ್ಯ ಹಾರೈಸುತ್ತಾರೆ.

ಸೆಲ್ವಿಯ ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬಣ್ಣ ಬಳಿದು ಕತ್ತಲಾದ ಮೇಲೆ ಬರುವವನು. ಹಗಲೆಲ್ಲ ಅವಳು, ಅವಳ ಕುಟ್ಟಿ, ಇಬ್ಬರೇ. ಕುಟ್ಟಿ ಬಾಗಿಲು ಹಿಡಿದು ನಿಂತು ನನ್ನನ್ನು ಕಂಡು ಎರಡು ಹಲ್ಲು ತೋರಿಸಿದಳು. ಆ ಕೆನ್ನೆಯ ಮೇಲೆ ಕೆಂಪು ಗುಳ್ಳೆ ಎದ್ದರೆ ಹೇಗಿರುತ್ತದೆಂದು ನೆನೆದು, ಕೂತವಳೇ ಶುರು ಮಾಡಿದೆ. ಮಾರಮ್ಮ ತಾಯಿ, ತಾಯಿಗೆ ಮಗುವಿನ ಮೇಲೆ ಮುನಿಸಿರಲ್ಲ, ಸೂಜಿ ಕಂಡುಹಿಡಿದವರಿಗೆ ಬುದ್ಧಿ ಕೊಟ್ಟವಳೂ ಅವಳೇ, ಎಂದು ಪುರಾಣವನ್ನೇ ಬಿಚ್ಚಿದೆ. ಸೆಲ್ವಿ ತಲೆಯಾಡಿಸುತ್ತ ನನ್ನ ಬೋಗುಣಿಯ ಕಾಳು ಹಿತಕುತ್ತಿದ್ದಳು. ಪುರಾಣ ಮುಗಿಯುವಷ್ಟರಲ್ಲಿ ಅರ್ಧ ಬೋಗುಣಿ ಮುಗಿದಿತ್ತು.

"ಮಾರಿಯಮ್ಮನ ಭಯ ನಮಗಿಲ್ಲಕ್ಕಾ," ಎಂದಳು ಕೊನೆಗೆ, ಮೆಲ್ಲಗೆ. "ನಮ್ಮತ್ತೆ ಫೋನ್ ಮಾಡಿದಾಗೆಲ್ಲ ಹಾಕ್ಸು ಹಾಕ್ಸು ಅಂತಾನೇ ಬೈತಾರೆ."

"ಮತ್ತೆ?"

"ಅಣ್ಣಂಗೆ ನೈಟ್ ಶಿಫ್ಟ್ ಅಲ್ವಾ?"

ಅಣ್ಣ ಅಂದರೆ ನಮ್ಮ ಯಜಮಾನರು. ಕಾರ್ಖಾನೆಯಲ್ಲಿ ಈ ವರ್ಷ ಪೂರ್ತಿ ರಾತ್ರಿ ಪಾಳಿ ಅವರಿಗೆ. "ಅವರಿಗೆ ನೈಟ್ ಶಿಫ್ಟ್ ಆದರೆ ಕುಟ್ಟಿಗೇನಮ್ಮ? ಸೂಜಿ ಹಾಕೋರು ಅವರಾ?"

"ಹೋದ ಸೂಜಿ ಹಾಕ್ಸಿದ ದಿನ ಕುಟ್ಟಿ ಮಧ್ಯಾಹ್ನ ಎಲ್ಲ ಅತ್ತಳಲ್ಲಕ್ಕಾ. ಅಣ್ಣ ದಿಂಬು ಕಂಕುಳಲ್ಲಿ ಇಟ್ಕೊಂಡು ಎದ್ದು ಹೋಗಿಬಿಟ್ರು. ಪಾವಂ! ಲೈನ್ ಪೂರ್ತಿ ನಿಂತು ನೋಡಿತು. ಒಂದು ಮಾತು ಬೈಲಿಲ್ಲ. ಬೈದಿದ್ರೆ ಆಗಿತ್ತು. ರಾತ್ರಿ ಎಲ್ಲ ಮೆಷಿನ್ ಮುಂದೆ ನಿಲ್ಲೋ ಮನುಷ್ಯ, ನಿದ್ದೆಗೆಟ್ಟು ಅದರೊಳಗೆ ಕೈ ಕೊಟ್ಟುಬಿಟ್ರೆ ನಾನು ನಿಮ್ಮ ಮುಖ ಹೇಗೆ ನೋಡ್ಲಿ? ಅಣ್ಣಂಗೆ ಡೇ ಶಿಫ್ಟ್ ಬರ್ಲಿ ಅಂತ ಕಾಯ್ತಿದ್ದೀನಿ."

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ನಮ್ಮಜ್ಜಿ ಹೇಳುತ್ತಿತ್ತು. ಹೆತ್ತ ಮೇಲೂ ದಾಕ್ಷಿಣ್ಯ ಬಿಡಲ್ಲ ಎಂದು ಅದಕ್ಕೂ ಗೊತ್ತಿರಲಿಲ್ಲ. ರತ್ನಮ್ಮನ ಕೂಲಿ, ತವರು, ವಿಡಿಯೋ ಯಾವುದೂ ಅಲ್ಲ, ನಮ್ಮ ಮನೆಯ ಒಂದು ಹಳೇ ದಿಂಬು ಈ ಮಗುವಿನ ಸೂಜಿಗೆ ಅಡ್ಡ ನಿಂತಿತ್ತು!

"ಅವರು ಡೇ ಶಿಫ್ಟಿಗೆ ಬರೋದು ಕಾಯ್ತಾ ಕೂತರೆ ಕುಟ್ಟಿ ಹೈಸ್ಕೂಲು ಸೇರಿರ್ತಾಳೆ. ನಾಳೆ ನಾನೂ ಬರ್ತೀನಿ, ಹೊರಡು," ಎಂದೆ.

ಮಧ್ಯಾಹ್ನ ಯಜಮಾನರು ಎದ್ದು ಊಟಕ್ಕೆ ಕೂತಾಗ ಬಿಡಲಿಲ್ಲ. "ಏನ್ರೀ, ನಿಮಗೆ ಅಷ್ಟೂ ಬೇಡ್ವಾ? ಹಸುಗೂಸು ಅತ್ತಿತು ಅಂತ ಊರ ಮುಂದೆ ದಿಂಬಿನ ಮೆರವಣಿಗೆ ಹೊರಡೋದಾ? ನಿಮ್ಮಿಂದಾಗಿ ಆ ಹುಡುಗಿ ಸೂಜಿ ಮುಂದಕ್ಕೆ ಹಾಕ್ತಾ ಬಂದಿದ್ದಾಳೆ." ಅವರು ಮುದ್ದೆಯ ತುತ್ತು ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು, ತೆರೆದ ಬಾಯಿಗೆ ತುತ್ತನ್ನೇ ಹಾಕಿಕೊಂಡರು. ತಪ್ಪು ಅರಿವಾಯಿತು ಅಂದುಕೊಂಡು ಸಾರು ಬಡಿಸಿದೆ.

ಗುರುವಾರ ಬೆಳಿಗ್ಗೆ ಅವರು ಕೆಲಸದಿಂದ ಬಂದವರು ಮಲಗಲೇ ಇಲ್ಲ. "ನಡೀರಿ, ನಾನೂ ಬರ್ತೀನಿ," ಎಂದು ಕುಟ್ಟಿಯನ್ನು ತಾವೇ ಎತ್ತಿಕೊಂಡರು. ಸಿಸ್ಟರ್ ಸೂಜಿ ತೆಗೆದಾಗ ಕಣ್ಣು ಮುಚ್ಚಿಕೊಂಡದ್ದು ಕುಟ್ಟಿಯಲ್ಲ, ಇವರು. ಮಗು ಒಂದು ಸಲ ಕಿರುಚಿ, ಇವರ ಕಿವಿ ಹಿಡಿದು ಜಗ್ಗಿ, ಸುಮ್ಮನಾಯಿತು. "ವಾರ ಕಳೆದ ಮೇಲೆ ಸ್ವಲ್ಪ ಮೈ ಬಿಸಿಯಾದ್ರೂ ಆಗಬಹುದು, ಹೆದರಬೇಡಿ," ಎಂದರು ಸಿಸ್ಟರ್. ರತ್ನಮ್ಮ ನನ್ನ ಕಡೆ ನೋಡಿ, "ನಾನ್ ಏಳ್ಳಿಲ್ವಾ, ನಿಮ್ ಭಕ್ತಿ ಕೆಲ್ಸ ಮಾಡ್ತದೆ ಅಂತ?" ಎಂದಳು. ನಾನು ವಿನಯದಿಂದ ಸೆರಗು ಹೊದ್ದುಕೊಂಡೆ.

ಮಧ್ಯಾಹ್ನ ಗೋಡೆಯಾಚೆ ಸದ್ದೇ ಇಲ್ಲ. ಇವರು ಹಾಸಿಗೆಯಲ್ಲಿ ಹೊರಳುತ್ತ, "ಯಾಕೇ ಅಳ್ತಿಲ್ಲ? ಹೋಗಿ ನೋಡ್ಬಾರದಾ," ಎಂದು ನನ್ನನ್ನು ಎರಡು ಸಲ ಓಡಿಸಿದರು. ಎರಡನೇ ಸಲ ಸೆಲ್ವಿಯೇ ನನ್ನ ಜೊತೆ ನಮ್ಮ ಬಾಗಿಲಿಗೆ ಬಂದಳು. "ಚೆನ್ನಾಗಿ ಮಲಗಿದ್ದಾಳಣ್ಣಾ. ಅವತ್ತು ನಿಮ್ಮ ನಿದ್ದೆ ಕೆಡಿಸಿದ್ದಕ್ಕೆ ಮನಸ್ಸಲ್ಲಿ ಇಟ್ಕೋಬೇಡಿ."

ಇವರು ಎದ್ದು ಕೂತರು. ನನ್ನ ಕಡೆ ನೋಡಿದರು, ಅವಳ ಕಡೆ ನೋಡಿದರು. "ಅಯ್ಯೋ ತಾಯಿ, ಅವತ್ತು ನಾನು ಎದ್ದು ಹೋಗಿದ್ದು ಕುಟ್ಟಿ ಅತ್ತಿದ್ದಕ್ಕಲ್ಲ. ಅವತ್ತು ನಮ್ಮ ಮನೇಲಿ ಭಜನೆ ಇತ್ತು."

ಗುರುವಾರ ಮಧ್ಯಾಹ್ನದ ಭಜನೆ ನಮ್ಮ ಗುಂಪಿನಲ್ಲಿ ಮನೆಯಿಂದ ಮನೆಗೆ ತಿರುಗುತ್ತದೆ. ಅವತ್ತು ನಮ್ಮ ಸರದಿಯಿದ್ದದ್ದು ನನಗೆ ಈಗ ನೆನಪಾಯಿತು. "ಒಂದು ಮಾತು ಹೇಳೋದಲ್ವೇನ್ರೀ?" ಎಂದೆ.

"ದೇವರ ಹಾಡು. ಬೇಡ ಅಂತ ಹೇಗೆ ಹೇಳೋದು? ಒಂಥರಾ ದಾಕ್ಷಿಣ್ಯ."

ಸೆಲ್ವಿ ಸೆರಗಿನ ತುದಿ ತಿರುಚುತ್ತ ನೆಲ ನೋಡಿದಳು. "ನಾನೂ ಹೇಳಿಬಿಡ್ಲಾ ಅಕ್ಕಾ? ಅವತ್ತು ಕುಟ್ಟಿ ಎರಡು ಸಲ ಮಲಗಿದ್ದಳು. ತಾಳದ ಸದ್ದಿಗೆ ಎದ್ದೆದ್ದು ಅತ್ತಳು."

ಈ ಗುರುವಾರವೂ ನಮ್ಮದೇ ಸರದಿ. ಬೀದಿಯ ತಿರುವಿನಲ್ಲಿ ನಮ್ಮ ಭಜನೆಯ ಹೆಂಗಸರು ಆಗಲೇ ತಾಳ ಕುಟ್ಟುತ್ತ ಬರುತ್ತಿದ್ದರು. ಹೊರಗೆ ಓಡಿ, ಬಾಯಿಯ ಮೇಲೆ ಬೆರಳಿಟ್ಟು, ಅವರ ಕೈಯಿಂದ ತಾಳಗಳನ್ನೆಲ್ಲ ಕಸಿದು ಅಕ್ಕಿ ಡಬ್ಬದೊಳಗೆ ಹೂತೆ. "ಇವತ್ತು ಮನಸ್ಸಲ್ಲೇ ಹಾಡೋಣ," ಎಂದೆ. ಖಾಲಿ ಕೈ ಏನು ಮಾಡಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರು. ನೆನೆಸಿಟ್ಟ ಅವರೆಕಾಳನ್ನು ತಂದು ನಡುವೆ ಇಟ್ಟೆ. ಎಲ್ಲರೂ ಸುತ್ತ ಕೂತು, ತುಟಿ ಮಾತ್ರ ಆಡಿಸುತ್ತ ಹಿತಕತೊಡಗಿದರು. ಗೋಡೆಯಾಚೆ ಕುಟ್ಟಿ ಮಲಗಿದ್ದಳು. ಈಚೆ ಇವರ ಗೊರಕೆ ಶುರುವಾಯಿತು. ದೇವರ ಪಟದ ಕಡೆ ನೋಡಿದೆ. ಇಷ್ಟು ವರ್ಷದಲ್ಲಿ ಒಂದು ಗುರುವಾರವಾದರೂ ಅವನಿಗೆ ಮಧ್ಯಾಹ್ನದ ನಿದ್ದೆ ಸಿಕ್ಕಿತಲ್ಲ, ದಾಕ್ಷಿಣ್ಯಕ್ಕೆ ಅವನೂ ಹೇಳದೇ ಇದ್ದನೋ ಏನೋ ಎಂದುಕೊಂಡು, ನನ್ನ ಪಾಲಿನ ಕಾಳನ್ನು ಮಡಿಲ ಕಡೆ ಎಳೆದುಕೊಂಡೆ.