ದಾನಿಗಳ ಹೆಸರಿನ ಜಾವಾ

ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ತಾನಾಗಿ ಕೆಟ್ಟ ಕಂಪ್ಯೂಟರನ್ನು ನಾನು ನೋಡಿದ್ದೇ ಅಪರೂಪ. ನಾನು ಎಲ್ಲಿಗೆ ಹೋದರೂ ಅಲ್ಲಿಗೆ ನನಗಿಂತ ಮೊದಲೇ ಯಾರೋ ಒಬ್ಬ ತಿಳಿದವರು ಹೋಗಿ ಕೈ ಆಡಿಸಿರುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಓಡಾಡುತ್ತೇನೆ. ತಿಳಿದವರಿಗೆ ಮೂರೂ ಕಡೆ ಬರವಿಲ್ಲ.

ಈ ಮೂರೂ ಊರಲ್ಲಿ ಒಂದೇ ವಿದ್ಯಾಸಂಸ್ಥೆಯ ಕಾಲೇಜುಗಳಿವೆ. ಅದರ ಕಾರ್ಯದರ್ಶಿಗಳು ಕಡೂರಿನ ಕೊಬ್ಬರಿ ವ್ಯಾಪಾರಿ. ಅಜ್ಜಂಪುರದ ಕಾಲೇಜಿನಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದವರು ಒಬ್ಬ ಅತಿಥಿ ಉಪನ್ಯಾಸಕಿ. ಆ ಮೇಡಂ ಮನೆ ನಡೆಯುತ್ತಿದ್ದುದು ಅವರ ಸಂಬಳದಲ್ಲೇ. ಕಾರ್ಯದರ್ಶಿಗಳು ಅವರಿಗೆ ನನ್ನ ಎದುರೇ ಹೇಳಿದ್ದರು: "ನೋಡಮ್ಮ, ಪ್ರಾಕ್ಟಿಕಲ್ ಪರೀಕ್ಷೆ ದಿನ ಕಂಪ್ಯೂಟರ್ ಕೈಕೊಟ್ರೆ ಮುಂದಿನ ವರ್ಷ ನೀವು ಬರೋದು ಬೇಡ." ಕಂಪ್ಯೂಟರ್ ಕೈಕೊಟ್ಟರೆ ಮೇಡಂ ಯಾಕೆ ಮನೆಗೆ ಹೋಗಬೇಕು ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಅವರಿಗಂತೂ ಇರಲೇ ಇಲ್ಲ.

ನನ್ನ ಕೆಲಸ ಇಷ್ಟೇ. ಜಾವಾ ಕಂಪ್ಯೂಟರಿನ ಒಳಗೇ ಇದ್ದರೂ ಯಾವ ಫೋಲ್ಡರಿನಲ್ಲಿದೆ ಎಂದು ಹೇಳಿಕೊಡದಿದ್ದರೆ ಕಂಪ್ಯೂಟರಿಗೆ ಅದು ಸಿಗುವುದಿಲ್ಲ. ಆ ವಿಳಾಸ ಬರೆದಿಡುವ ಜಾಗಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದು ಹೆಸರು. ಸರಿಯಾದ ವಿಳಾಸ ಹಾಕಿ, ಓಕೆ ಒತ್ತಿ, ಎದ್ದು ಬರಬೇಕು. ಎದ್ದು ಬಂದ ಮೇಲೇ ಕಷ್ಟ ಶುರುವಾಗುವುದು.

ಕಡೂರು: ಹೊರಗಿನವರ ತೆರವು

ಕಡೂರಿನ ಕಾಲೇಜಿನಲ್ಲಿ ಮೊದಲ ಕಂಪ್ಯೂಟರಿಗೆ ಜಾವಾದ ವಿಳಾಸ ಸೇರಿಸಿ, ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡಿದು ಬಂದೆ. ಅಷ್ಟರಲ್ಲಿ ಕಾರ್ಯದರ್ಶಿಗಳು ನನ್ನ ಕುರ್ಚಿಯಲ್ಲಿ ಕೂತಿದ್ದರು. ಪರದೆ ನೋಡಿದೆ. ಉದ್ದಕ್ಕೆ ಇದ್ದ ವಿಳಾಸಗಳ ಸಾಲಿನಲ್ಲಿ ಜಾವಾದ್ದು ಒಂದೇ ಉಳಿದಿತ್ತು.

"ಸಾರ್, ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು?"

"ತೆಗೆದುಬಿಟ್ಟೆ ಕಣಪ್ಪ. ಕಂಪ್ಯೂಟರ್ ತಂದೋರು ನಾವು. ಒಳಗೆ ಯಾರ್ಯಾರದೋ ವಿಳಾಸ ಯಾಕೆ? ಹಿಂಗೇ ಬಿಟ್ರೆ ನಾಳೆ ಅವರ ಹೆಸರಿಗೇ ಖಾತೆ ಆಗೋಯ್ತದೆ."

"ಅವೆಲ್ಲ ಹೊರಗಿನೋರವಲ್ಲ ಸಾರ್. ಕಂಪ್ಯೂಟರಿನ ಸ್ವಂತ ಕೆಲಸಕ್ಕೆ ಬೇಕಾದವು" ಎಂದು ಹೇಳಿ, ದಿನಾ ಓಡುವ ಸಣ್ಣದೊಂದು ಕಮಾಂಡ್ ಕೊಟ್ಟು ತೋರಿಸಿದೆ. ಅಂಥದ್ದು ನನಗೆ ಗೊತ್ತೇ ಇಲ್ಲ ಎಂದಿತು ಕಂಪ್ಯೂಟರ್.

ಕಾರ್ಯದರ್ಶಿಗಳು ಗಲ್ಲ ಕೆರೆದುಕೊಂಡರು. "ಜಾವಾ ಓಡ್ತದಾ?"

"ಅದೊಂದು ಓಡ್ತದೆ."

"ಪರೀಕ್ಷೆ ಯಾವುದ್ರದು?"

"ಜಾವಾದ್ದೇ."

"ಮತ್ತಿನ್ನೇನು? ಕೂತು ತಿನ್ನೋರೆಲ್ಲ ಹೋದ್ರು, ಕೆಲ್ಸ ಮಾಡೋನು ಉಳಕೊಂಡ ಅನ್ನು!"

ತರೀಕೆರೆ: ಅಕ್ಷರ ಆಚೀಚೆ ಇಲ್ಲ

ತರೀಕೆರೆ ಕಾಲೇಜಿನ ವಿಭಾಗದ ಮುಖ್ಯಸ್ಥರು ಬಲು ಶಿಸ್ತಿನ ಮನುಷ್ಯ. "ನೀವು ಬರೋದೇನೂ ಬೇಡ. ಹೆಂಗೆ ಮಾಡೋದು ಅಂತ ಒಂದು ಫೋಟೋ ಕಳಿಸಿ ಸಾಕು" ಎಂದು ಫೋನ್ ಮಾಡಿದರು. ನನ್ನ ಲ್ಯಾಪ್‌ಟಾಪಿನ ಪರದೆಯದ್ದೇ ಒಂದು ಫೋಟೋ ತೆಗೆದು ಕಳಿಸಿದೆ. "ಇದು ಮಾದರಿ, ನಿಮ್ಮಲ್ಲಿ ಜಾವಾ ಎಲ್ಲಿದೆಯೋ ಆ ವಿಳಾಸ ಹಾಕಿ" ಎಂದು ಕೆಳಗೆ ಬರೆದೂ ಇದ್ದೆ. ಅವರು ಫೋಟೋ ನೋಡಿದರು, ಬರಹ ಓದಲಿಲ್ಲ. ಸಾಲದ್ದಕ್ಕೆ ಆ ಫೋಟೋವನ್ನು ಸಂಸ್ಥೆಯ ವಾಟ್ಸಾಪ್ ಗುಂಪಿಗೂ ಹಾಕಿದರು.

ಎರಡು ದಿನ ಬಿಟ್ಟು ಮತ್ತೆ ಫೋನ್. "ಏನ್ರೀ, ಎಲ್ಲಾ ಕಂಪ್ಯೂಟರಿಗೂ ಹಾಕಿದೀನಿ. ಒಂದೂ ಓಡ್ತಿಲ್ಲ!"

ಹೋಗಿ ನೋಡಿದರೆ, ನನ್ನ ಲ್ಯಾಪ್‌ಟಾಪಿನಲ್ಲಿ ಜಾವಾ ಇದ್ದದ್ದು ನನ್ನ ಹೆಸರಿನ ಫೋಲ್ಡರಿನಲ್ಲಿ. ಅವರು ಆ ಹೆಸರನ್ನೂ ಬಿಡದೆ ನಕಲು ಮಾಡಿದ್ದರು. ತರೀಕೆರೆಯ ಕಂಪ್ಯೂಟರುಗಳೆಲ್ಲ ಜಾವಾ ಬೇಕೆಂದಾಗಲೆಲ್ಲ ನನ್ನ ಮನೆ ಹುಡುಕುತ್ತಿದ್ದವು.

"ಸಾರ್, ಇದು ನನ್ನ ಹೆಸರು."

"ಗೊತ್ತು ಕಣ್ರೀ. ಫೋಟೋದಲ್ಲಿ ಇದ್ದಂಗೇ ಇದೆ, ಒಂದಕ್ಷರ ಆಚೀಚೆ ಇಲ್ಲ."

"ಆದ್ರೆ ಈ ಹೆಸರಿನ ಫೋಲ್ಡರೇ ಇಲ್ಲಿಲ್ಲವಲ್ಲ ಸಾರ್."

ಅವರು ಕನ್ನಡಕ ತೆಗೆದು ನನ್ನನ್ನೇ ದುರುಗುಟ್ಟಿ ನೋಡಿದರು. "ಅದು ನಿಮ್ಮ ತಪ್ಪು. ಫೋಟೋ ಕಳಿಸೋ ಮುಂಚೆ ಬಂದು ಫೋಲ್ಡರ್ ಇಟ್ಟು ಹೋಗ್ಬೇಕಾಗಿತ್ತು."

ಮತ್ತೆ ಕಡೂರು: ನೀನೇನು ದಾನಿನಾ?

ಆ ಫೋಟೋ ಗುಂಪಿಗೆ ಬಿದ್ದಿತ್ತಲ್ಲ, ಕಡೂರಿನಲ್ಲೂ ಯಾರೋ ಅದನ್ನೇ ನಕಲು ಮಾಡಿದ್ದರು. ಕಾರ್ಯದರ್ಶಿಗಳ ಫೋನ್ ಬಂತು. ದನಿ ಬಿಸಿಯಾಗಿತ್ತು.

"ಏನಪ್ಪಾ, ನಮ್ಮ ಕಂಪ್ಯೂಟರ್‌ನಲ್ಲೆಲ್ಲ ನಿನ್ನ ಹೆಸರು ಕೂತದಲ್ಲ, ನೀನೇನು ದಾನಿನಾ?"

ಈ ಸಂಸ್ಥೆಯಲ್ಲಿ ಹೆಸರು ಅಂದರೆ ಹುಡುಗಾಟವಲ್ಲ. ಫ್ಯಾನು ಕೊಟ್ಟವರ ಹೆಸರು ಫ್ಯಾನಿನ ರೆಕ್ಕೆಯ ಮೇಲೆ ಇರುತ್ತದೆ; ಕರೆಂಟ್ ಹೋದಾಗ ಓದಿಕೊಳ್ಳಬಹುದು. ಬೆಂಚಿನ ಬೆನ್ನ ಮೇಲೆ, ನೀರಿನ ಟ್ಯಾಂಕಿನ ಹೊಟ್ಟೆಯ ಮೇಲೆ, ಎಲ್ಲ ಕಡೆ ಹೆಸರೇ. ಅಜ್ಜಂಪುರದ ಲ್ಯಾಬಿಗೆ ಕಂಪ್ಯೂಟರ್ ಕೊಡಿಸಿದವರು ಚೌಳಹಿರಿಯೂರು ಕಡೆಯ ಒಬ್ಬ ಬೋರ್‌ವೆಲ್ ಲಾರಿ ಮಾಲೀಕರು. ಒಳಗೆ ರಿಪೇರಿಯವನ ಹೆಸರು ಇರಬಹುದಾದರೆ ಅವರ ಹೆಸರು ಯಾಕಿರಬಾರದು ಎಂದು ಕಾರ್ಯದರ್ಶಿಗಳಿಗೆ ಹೊಳೆದುಬಿಟ್ಟಿತು.

"ಹಂಗೆಲ್ಲ ಮಾಡೋದಲ್ಲ ಸಾರ್" ಎಂದೆ.

"ಮಾಡಿದ್ರೆ ಓಡ್ತದೋ ಇಲ್ವೋ, ಅದು ಹೇಳು."

ಸುಳ್ಳು ಹೇಳಬೇಕಾಗಿತ್ತು. ನಾಲಿಗೆ ತಡೆಯದೆ "ಓಡ್ತದೆ" ಎಂದುಬಿಟ್ಟೆ. ಅಜ್ಜಂಪುರಕ್ಕೆ ಹೋಗಿ ಜಾವಾ ಇದ್ದ ಫೋಲ್ಡರಿಗೆ ದಾನಿಗಳ ಹೆಸರಿಟ್ಟು, ವಿಳಾಸದಲ್ಲೂ ಅದೇ ಹೆಸರು ಹಾಕಿ ಬಂದೆ. ಎಲ್ಲ ಕಂಪ್ಯೂಟರೂ ಓಡಿದವು. ಮೇಡಂ ಮುಖದಲ್ಲಿ ನಗು ನೋಡಿದ್ದು ಅವತ್ತೇ ಮೊದಲು. ದಾನಿಗಳ ನಾಮಕರಣಕ್ಕೆ ನನಗೆ ಕೊಟ್ಟ ದಕ್ಷಿಣೆ ಮಾತ್ರ ಅರ್ಧ ಲೋಟ ಕಾಫಿ.

ಅಜ್ಜಂಪುರ: ಉದ್ಘಾಟನೆಯೂ ಪರೀಕ್ಷೆಯೂ

ಎರಡು ಸಲ ಉಪ್ಪಿಟ್ಟು ಮಾಡಿಸುವುದು ದಂಡ ಎಂದು ಲ್ಯಾಬಿನ ಉದ್ಘಾಟನೆಯನ್ನೂ ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ ಇಟ್ಟುಕೊಂಡರು. ಹೊರಗಿನಿಂದ ಬಂದ ಪರೀಕ್ಷಕರಿಗೂ ಹಾರ ಹಾಕಿ, ಶಾಲು ಹೊದಿಸಿ, ಭಾಷಣಗಳ ಮಧ್ಯೆ ಕೂರಿಸಿಬಿಟ್ಟರು. ಅವರಿಗೆ ಎದ್ದು ಬರಲು ದಾರಿ ಸಿಕ್ಕಿದ್ದು ಬಿಸಿಲೇರಿದ ಮೇಲೆ.

ದಾನಿಗಳು ಟೇಪು ಕತ್ತರಿಸಿದರು. ಮಕ್ಕಳು ಕೂತರು. "ಓಡಿಸಿ" ಎಂದರು ಮೇಡಂ. ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿದರು. ಒಂದು ಪ್ರೋಗ್ರಾಮೂ ಓಡಲಿಲ್ಲ. ಬದಲಿಗೆ ಎಲ್ಲ ಪರದೆಯ ಮೇಲೂ ಇಂಗ್ಲಿಷಿನಲ್ಲಿ ಒಂದು ದೂರು, ಅದರ ಕೊನೆಗೆ ದಾನಿಗಳ ಪೂರ್ತಿ ಹೆಸರು.

ನಾನು ಬಗ್ಗಿ ನೋಡಿದೆ. ಹೆಸರಿಗೆ ಹೊಸದಾಗಿ ಒಂದು 'ಶ್ರೀ' ಸೇರಿಕೊಂಡಿತ್ತು. ಹಿಂದಿನ ಸಂಜೆ ಕಾರ್ಯದರ್ಶಿಗಳೂ ತರೀಕೆರೆಯ ಮುಖ್ಯಸ್ಥರೂ ಬಂದಿದ್ದರಂತೆ. ದೊಡ್ಡ ಮನುಷ್ಯರ ಹೆಸರನ್ನು ಬರಿದೇ ಬರೆದಿದ್ದಾನಲ್ಲ ಎಂದು ನನ್ನನ್ನು ಬೈದು, ಒಂದು ಕಂಪ್ಯೂಟರನ್ನೂ ಬಿಡದೆ ವಿಳಾಸಕ್ಕೆ 'ಶ್ರೀ' ಹಾಕಿಸಿದ್ದರು. ಫೋಲ್ಡರಿಗೆ ಹಾಕಿಸಿರಲಿಲ್ಲ. ವಿಳಾಸದಲ್ಲಿ ಶ್ರೀಯುತರು, ಮನೆಯಲ್ಲಿ ಬರೀ ಹೆಸರಿನವರು. ಇಬ್ಬರೂ ಒಬ್ಬರೇ ಎಂದು ಕಂಪ್ಯೂಟರಿಗೆ ಹೇಗೆ ತಿಳಿಯಬೇಕು?

ದಾನಿಗಳು ಮಾತ್ರ ಹಿಗ್ಗಿಹೋಗಿದ್ದರು. "ಓಹೋ, ಎಲ್ಲಾದ್ರಲ್ಲೂ ಬಂದದೆ ಕಣ್ರೀ!" ಎಂದು ಒಂದೊಂದೇ ಕಂಪ್ಯೂಟರಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ಪಾಪ, ಹುಡುಗಿಯೊಬ್ಬಳು ಅಳುಮುಖದಲ್ಲೇ ಫೋಟೋಕ್ಕೆ ನಕ್ಕಳು.

ಮೇಡಂ ಮೌಸ್ ಹಿಡಿದರು. "ಎರಡೇ ನಿಮಿಷ ಸಾರ್, 'ಶ್ರೀ' ತೆಗೆದುಬಿಡ್ತೀನಿ."

ಕಾರ್ಯದರ್ಶಿಗಳು ಹಲ್ಲು ಕಚ್ಚಿ ಪಿಸುಗುಟ್ಟಿದರು: "ಯಜಮಾನ್ರು ಕಾರು ಹತ್ತೋವರೆಗೂ ಒಂದಕ್ಷರ ಮುಟ್ಟಬೇಡಿ. ಮುಂದಿನ ಕಟ್ಟಡಕ್ಕೂ ಅವರೇ ಬೇಕು."

ಪರೀಕ್ಷಕರು ಶಾಲು ಮಡಚಿಟ್ಟು ಗಡಿಯಾರ ನೋಡಿದರು. "ಈಗ ಓಡದಿದ್ರೆ ಓಡಲಿಲ್ಲ ಅಂತಲೇ ಬರ್ಕೊಂಡು ಹೊರಡ್ತೀನಿ. ನನಗೆ ರೈಲಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಉರಿದರೇನು, ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರು ಮೇಡಂ. ಸೀದಾ ದಾನಿಗಳ ಮುಂದೆ ಹೋಗಿ ನಿಂತರು.

"ಯಜಮಾನ್ರೇ, ಒಂದು ಮಾತು. ನಿಮ್ಮ ಹೆಸರಿನ ಹಿಂದೆ ಏನು ಬರೆದಿದೆ ಅಂತ ಓದಿದ್ರಾ?"

"ನನ್ನ ಹೆಸರು ಅಂದಾಜಿಗೆ ಗೊತ್ತಾಯ್ತದೆ, ಮಿಕ್ಕಿದ್ದು ಕಾಣಲ್ಲ. ಕನ್ನಡಕ ಕಾರಲ್ಲಿ ಬಿಟ್ಟಿದೀನಿ ಕಣಮ್ಮ. ಹೊಗಳಿಕೆ ತಾನೇ? ನೀನೇ ಓದು."

"ಇನ್‌ವ್ಯಾಲಿಡ್ ಅಂತಿದೆ. ಅಂದ್ರೆ ಅಮಾನ್ಯ."

ದಾನಿಗಳು ಮುಖ್ಯಸ್ಥರ ಕಡೆ ತಿರುಗಿದರು. "ಹೌದೇನ್ರೀ?" ಮುಖ್ಯಸ್ಥರು ಸೂರು ನೋಡಿದರು. ದಾನಿಗಳು ಕಾರ್ಯದರ್ಶಿಗಳ ಕಡೆ ತಿರುಗಿದರು. ಅವರು ನನ್ನ ಕಡೆ ಕೈ ತೋರಿಸಿದರು. ನಾನು ಹೌದೆಂದು ತಲೆಯಾಡಿಸಿದೆ.

"ಅಷ್ಟೂ ಮಿಷಿನ್ ಕೊಡಿಸಿ, ಅಷ್ಟರಲ್ಲೂ ಅಮಾನ್ಯ ಅನ್ನಿಸ್ಕೊಂಡ್ನಾ?" ದಾನಿಗಳ ಮುಖ ಕೆಂಪಾಯಿತು. "ತೆಗೀರಿ ನನ್ನ ಹೆಸರು, ಮೊದಲು ತೆಗೀರಿ! ಬೇಕಾದ್ರೆ ಇವರದ್ದು ಹಾಕಿ!"

"ಅಯ್ಯೋ, ನಂದು ಬ್ಯಾಡಿ. ಬರೀ ಜಾವಾ ಅಂತಲೇ ಇರ್ಲಿ" ಎಂದರು ಕಾರ್ಯದರ್ಶಿಗಳು, ಎರಡು ಹೆಜ್ಜೆ ಹಿಂದೆ ಸರಿದು.

ಮೇಡಂ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಫೋಲ್ಡರನ್ನೂ ವಿಳಾಸವನ್ನೂ ಸರಿಮಾಡುತ್ತ ಬಂದೆವು. ಪ್ರೋಗ್ರಾಂಗಳು ಓಡಿದವು. ಪರೀಕ್ಷಕರು ರೈಲು ತಪ್ಪಿದರೆ ತಪ್ಪಲಿ ಎಂದು ಕೂತೇ ಪರೀಕ್ಷೆ ಮುಗಿಸಿದರು. ಮಕ್ಕಳೆಲ್ಲ ಪಾಸು.

ಕಾರು ಹತ್ತುವಾಗ ಕಾರ್ಯದರ್ಶಿಗಳು ದಾನಿಗಳ ಕಿವಿಯ ಹತ್ತಿರ ಬಗ್ಗಿದರು. "ತಮಗೆ ಅವಮಾನ ಮಾಡಿಬಿಟ್ಲು ಯಜಮಾನ್ರೇ. ಆ ಮೇಡಂನ ನಾಳೆಯಿಂದಲೇ ಬಿಡಿಸ್ತೀನಿ."

ದಾನಿಗಳು ಒಳಗಿದ್ದ ಕನ್ನಡಕ ಹುಡುಕಿ ಹಾಕಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಸುಮ್ನಿರಯ್ಯ. ನಿನ್ನ ಕಾಲೇಜಲ್ಲಿ ಓದೋಕೆ ಬರೋದು ಅವಳೊಬ್ಬಳಿಗೇ. ಅವಳನ್ನೂ ಬಿಡಿಸಿಬಿಟ್ರೆ, ಮುಂದಿನ ಸಲ ನನ್ನ ಹೆಸರಿನ ಹಿಂದೆ ಏನು ಬರೆದಿದೀಯ ಅಂತ ಹೇಳೋರ್ಯಾರು?"