ಹೆಣ್ಣಿನ ಕಡೆಯವರಿಗೆ ಮೂರು ಪಾಯಿಂಟು

ನಮ್ಮ ಬೀಗರ ತಲೆ ನೆಟ್ಟಗಿಲ್ಲ ಎಂದು ನಾನು ಹೇಳುವಂತಿಲ್ಲ. ಹೆಣ್ಣು ಕೊಟ್ಟವಳು ನಾನು! ಆದರೆ ಇದನ್ನು ಓದಿ ಮುಗಿಸಿ ನೀವೇ ಹಾಗೆಂದರೆ ನಾನೇನೂ ಅಡ್ಡ ಬರುವುದಿಲ್ಲ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಂಗಡಿಯ ಚೀಟಿ ಬಿಟ್ಟರೆ ಇಷ್ಟುದ್ದ ಎಂದೂ ಬರೆದವಳಲ್ಲ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಹೊಟ್ಟೆಯೊಳಗಿನ ಸಂತೋಷ ಉಕ್ಕುವಾಗ ಕಾಗುಣಿತ ನೋಡುತ್ತಾ ಕೂರಲಿಕ್ಕಾಗುತ್ತದೆಯೆ?

ಬೀಗರೆಂದರೆ ನನ್ನ ಅಳಿಯನ ತಂದೆ. ಮೂವತ್ತು ವರ್ಷ ರೈಲ್ವೆ ಸ್ಟೇಶನ್ನಿನ ಮೈಕಿನ ಮುಂದೆ ಕೂತು ಯಾವ ಗಾಡಿ ಬಂತು, ಯಾವ ಗಾಡಿ ತಡ ಎಂದು ಕೂಗಿದವರು. ನಿವೃತ್ತಿಯಾದರೂ ಕೂಗು ನಿಂತಿಲ್ಲ. ಊಟಕ್ಕೆ ಕರೆದರೆ ‘ಬಂದೆ’ ಅನ್ನುವುದಿಲ್ಲ. ‘ಇನ್ನು ಹತ್ತು ನಿಮಿಷದಲ್ಲಿ ಬರಲಿದ್ದೇನೆ’ ಎಂದು ಎರಡು ಸಲ ಹೇಳುತ್ತಾರೆ. ಬರುವುದು ಇಪ್ಪತ್ತು ನಿಮಿಷಕ್ಕೆ!

ಅವರಿಗೂ ಹೆಂಡತಿಯಿಲ್ಲ, ನನಗೂ ಯಜಮಾನರಿಲ್ಲ. ನಾವಿಬ್ಬರೂ ವಿಮಾನ ಹತ್ತಿ ಅಮೆರಿಕದ ಹರ್ನ್‌ಡನ್ನಿನ ಅಪಾರ್ಟ್‌ಮೆಂಟಿಗೆ ಬಂದದ್ದು ನನ್ನ ಮಗಳಿಗಾಗಿ. ಹಿಂದಿನ ವರ್ಷ ಏಳನೆಯ ತಿಂಗಳಿಗೆ ಅವಳ ಕೂಸು ಕೈಬಿಟ್ಟು ಹೋಗಿತ್ತು. ಈ ಸಲ ಐದು ತುಂಬುವ ಮೊದಲೇ ಡಾಕ್ಟರು ‘ಹಾಸಿಗೆ ಬಿಟ್ಟು ಇಳಿಯಬೇಡ’ ಎಂದುಬಿಟ್ಟರು. ಅಳಿಯಂದಿರು ಬೆಳಿಗ್ಗೆ ಎದ್ದು ಟೋಲ್ ರೋಡು ಹಿಡಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಮಲಗಿಯೇ ಇದ್ದಳು. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ‘ಕೂಸಿಗೊಂದು ಕುಲಾವಿ ಹೊಲೀಲೇನ?’ ಎಂದು ಕೇಳಿದೆ. ‘ಬ್ಯಾಡವ್ವಾ. ಏನೂ ಹೊಲೀಬ್ಯಾಡ’ ಎಂದಳು. ನಾನೇನು ಸಣ್ಣ ನಾಲಿಗೆಯವಳಲ್ಲ. ಆದರೂ ತಂದಿದ್ದ ಅರಿವೆಯನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಇಂಥ ಹೊತ್ತಿನಲ್ಲಿ ಗಂಡಿನ ತಂದೆಯಾದವರು ಏನು ಮಾಡಬೇಕು? ಜಪ ಮಾಡಬೇಕು, ಇಲ್ಲವೇ ಸುಮ್ಮನೆ ಸೋಫಾದಲ್ಲಿ ಕೂರಬೇಕು. ಇವರು ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ಹೋಗಿ ಐರ್ಲೆಂಡಿನ ಮುದುಕನೊಬ್ಬನನ್ನು ಹಿಡಿದುಕೊಂಡು ಬಂದರು!

ಮುದುಕನ ಕೈಯಲ್ಲೊಂದು ಕೋಲು. ತುದಿ ಅಗಲ, ಚಪ್ಪಟೆ. ನಾನು ಅದು ಹುಗ್ಗಿ ತಿರುವುವ ಹುಟ್ಟು ಎಂದುಕೊಂಡೆ. ಆ ದೇಶದಲ್ಲೂ ನಮ್ಮಂತೆ ದೊಡ್ಡ ಅಡುಗೆ ಮಾಡುವವರಿದ್ದಾರಲ್ಲ ಎಂದು ಖುಷಿಯಾಗಿ ತಿಕ್ಕಿ ತೊಳೆದು ಒಲೆಯ ಪಕ್ಕಕ್ಕಿಟ್ಟೆ. ಅದು ಹರ್ಲಿಂಗ್ ಎಂಬ ಆಟದ ಕೋಲಂತೆ. ಒಂದೊಂದು ಕಡೆಗೆ ಹದಿನೈದು ಮಂದಿ. ಸಣ್ಣ ಚೆಂಡನ್ನು ಕೋಲಿನ ತುದಿಯ ಮೇಲೆ ಕೂರಿಸಿಕೊಂಡೇ ಓಡುತ್ತಾರೆ, ಗಾಳಿಯಲ್ಲೇ ಬಾರಿಸುತ್ತಾರೆ. ನಡುವೆ ಯಾರ ಮೊಣಕಾಲು ಬಂದರೂ ಅದು ಅವರವರ ಹಣೆಬರಹ. ಕಂಬದ ಅಡ್ಡಪಟ್ಟಿಯ ಮೇಲಿನಿಂದ ಹೋದರೆ ಒಂದು ಪಾಯಿಂಟು, ಕೆಳಗಿನ ಬಲೆಗೆ ಬಿದ್ದರೆ ಮೂರು.

ಮುದುಕನ ತಮ್ಮ ಊರಿನಿಂದ ಪಂದ್ಯಗಳ ಕ್ಯಾಸೆಟ್ಟು ಕಳಿಸುತ್ತಿದ್ದ. ಇಲ್ಲಿಯ ಕೇಬಲ್ ಟಿ.ವಿ.ಯಲ್ಲಿ ಊರಿನವರು ಯಾರು ಬೇಕಾದರೂ ಕಾರ್ಯಕ್ರಮ ಕೊಡಬಹುದಾದ ಚಾನೆಲ್ಲೊಂದಿತ್ತು. ಅದರಲ್ಲಿ ಶನಿವಾರ ಮಧ್ಯಾಹ್ನದ ಅರ್ಧ ಗಂಟೆ ಅವನದು. ನೋಡುವವರು ಅವನೂ ಅವನ ಹೆಂಡತಿಯೂ. ಹೆಂಡತಿಗೆ ಆ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತಿತ್ತು! ಬೇರೆ ಜನರೂ ನೋಡುತ್ತಾರೆಂದು ತೋರಿಸದಿದ್ದರೆ ಆ ಅರ್ಧ ಗಂಟೆ ಮಡಕೆ ಮಾಡಲು ಕಲಿಸುವ ಹೆಂಗಸೊಬ್ಬಳ ಪಾಲಾಗುವುದಿತ್ತು.

‘ಚಿಂತಿ ಬಿಡ್ರಿ. ನಮ್ಮ ಮಂದಿಗೆ ನಮ್ಮ ಭಾಷಾದಾಗ ನಾ ಹೇಳ್ತೀನಿ’ ಎಂದು ಬೀಗರು ತಮ್ಮ ರೈಲ್ವೆ ಇಂಗ್ಲಿಷಿನಲ್ಲಿ ಅವನಿಗೆ ಮಾತು ಕೊಟ್ಟುಬಿಟ್ಟರು. ಅವರು ಅಲ್ಲಿಯವರೆಗೆ ನೋಡಿದ್ದು ಒಂದೇ ಕ್ಯಾಸೆಟ್ಟು!

ಗುರುವಾರ ಸ್ಟುಡಿಯೋದಲ್ಲಿ ಹೇಳಿ ಬಂದದ್ದು ಶನಿವಾರ ಬಂತು. ಮಗಳ ಕೋಣೆಯ ಟಿ.ವಿ. ಹಚ್ಚಿ ನಾನು ಬಟಾಣಿ ಬಿಡಿಸುತ್ತಾ ಕೂತೆ.

‘ದಯವಿಟ್ಟು ಗಮನಿಸಿ. ದಯವಿಟ್ಟು ಗಮನಿಸಿ. ನೀಲಿ ಅಂಗಿಯವರ ಗೋಲು ಇನ್ನೂ ಬಂದಿರುವುದಿಲ್ಲ. ತಡವಾದುದಕ್ಕೆ ವಿಷಾದಿಸುತ್ತೇವೆ.’

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆಮೇಲೆ ಜನಕ್ಕೆ ತಿಳಿಸಿ ಹೇಳಲು ಹೊರಟರು ನೋಡಿ! ‘ಇದು ಮದುವಿ ಮನಿ ಇದ್ದಂಗ್ರಿ. ನೀಲಿ ಅಂಗಿಯವರು ಗಂಡಿನ ಕಡೆಯವರು, ಹಳದಿ ಅಂಗಿಯವರು ಹೆಣ್ಣಿನ ಕಡೆಯವರು. ಚೆಂಡು ಅಂದ್ರ ಮರ್ಯಾದಿ. ಅದು ನೆಲಕ್ಕ ಬೀಳಬಾರದು!’ ನೀಲಿಯವನು ಕೋಲು ಬೀಸಿದರೆ ‘ಇರಲಿ, ಗಂಡಿನ ಕಡೆಯವರು, ನಡೀತೈತಿ.’ ಹಳದಿಯವನು ಬೀಸಿದರೆ ‘ಹೆಣ್ಣಿನ ಕಡೆಯವರು ಸ್ವಲ್ಪ ತಗ್ಗಿ ಇರಬೇಕ್ರಿ!’

ನನಗೆ ಬಟಾಣಿಯ ಜೊತೆ ಸಿಪ್ಪೆಯೂ ಪಾತ್ರೆಗೆ ಬಿದ್ದದ್ದು ಗೊತ್ತಾಗಲಿಲ್ಲ. ಅಷ್ಟರಲ್ಲಿ ಹಾಸಿಗೆಯಿಂದ ಏನೋ ಸದ್ದು. ಅಳುತ್ತಿದ್ದಾಳೆಂದು ಗಾಬರಿಯಾಗಿ ತಿರುಗಿದರೆ ಮಗಳು ಟಿ.ವಿ. ಕಡೆ ಮಗ್ಗುಲಾಗಿ ಬಾಯಿಗೆ ಹೊದಿಕೆ ಒತ್ತಿಕೊಂಡು ನಗುತ್ತಿದ್ದಾಳೆ!

‘ಅವ್ವಾ, ವಾಲ್ಯೂಮ್ ಜಾಸ್ತಿ ಮಾಡು’ ಎಂದಳು. ಆಮೇಲೆ ನನ್ನ ಮುಖ ನೋಡಿ, ‘ಹೆಣ್ಣಿನ ಕಡೆಯವರದು ಕೇಳವರು ಯಾರೂ ಇಲ್ಲೇನು? ನೀ ಹೋಗು ಮುಂದಿನ ವಾರ!’

ಅವಳು ಕೇಳಿದ್ದರೆ ನಾನು ಚಂದ್ರಲೋಕಕ್ಕೂ ಹೋಗುತ್ತಿದ್ದೆ. ಸ್ಟುಡಿಯೋ ಯಾವ ದೊಡ್ಡದು? ಗುರುವಾರ ಅಳಿಯಂದಿರನ್ನು ಅರ್ಧ ದಿನ ಮನೆಯಲ್ಲಿ ಕೂರಿಸಿ, ಇಳಕಲ್ ಸೀರೆ ಉಟ್ಟು, ಸೆರಗಿಗೆ ಮೈಕು ಸಿಕ್ಕಿಸಿಕೊಂಡು ಬೀಗರ ಪಕ್ಕದಲ್ಲೇ ಕೂತೆ.

‘ನಿಮ್ಮ ನೀಲಿಯಾಂವ ಅಡ್ಡಗಾಲು ಕೊಟ್ಟ. ನಾ ನೋಡೀನಿ!’

‘ಅದು ಆಟದಾಗಿನ ರೂಢಿರೀ, ಬೀಗತಿಯವರ.’

‘ಮದುವ್ಯಾಗೂ ಹಿಂಗ ಅಂದಿದ್ರಿ. ಹೋಳಿಗಿಗೆ ತುಪ್ಪ ಕಡಿಮಿ ಆತಂತ ಊಟ ಬಿಟ್ಟು ಎದ್ದವರು ಯಾರ ಪೈಕಿ?’

‘ಅಂವ ನಮ್ಮ ಕಾಕಾ! ಟಿ.ವಿ.ಯೊಳಗ ಅದನ್ಯಾಕ ತಗೀತೀರಿ?’

ಅಷ್ಟರಲ್ಲಿ ಹಳದಿಯವರು ಬಲೆಗೆ ಬಾರಿಸಿದರು. ‘ಹೆಣ್ಣಿನ ಕಡೆಯವರಿಗೆ ಮೂರು ಪಾಯಿಂಟು!’ ಎಂದು ನಾನು ಕೂಗಿದ್ದಕ್ಕೆ ಗಾಜಿನ ಆಚೆ ಕೂತಿದ್ದ ಹುಡುಗಿ ಕಿವಿಯ ಮೇಲಿನದನ್ನು ಕಿತ್ತೆಸೆದಳು. ಪಾಪ.

ಗೋಲಿನ ಕಂಬದ ಪಕ್ಕದಲ್ಲಿ ಬಿಳಿ ಕೋಟಿನ ಇಬ್ಬರು ನಿಂತಿರುತ್ತಾರೆ. ಅಷ್ಟು ಏಟು ಬೀಳುವ ಆಟ, ಡಾಕ್ಟರೇ ಇರಬೇಕೆಂದು ನಾನು ಮೂರು ವಾರ ಹೇಳಿದೆ. ಆಟಗಾರ ನೆಲದ ಮೇಲೆ ಹೊರಳುತ್ತಿದ್ದರೂ ಆ ಮಹನೀಯರು ನಾಡಿ ನೋಡದೆ ಬಾವುಟ ಬೀಸುತ್ತಾರೆ! ‘ಇವರ ಡಿಗ್ರಿ ಕಸಗೊಳ್ರಿ’ ಎಂದೂ ಬೈದೆ. ಅವರು ಪಾಯಿಂಟು ಹೇಳುವ ತೀರ್ಪುಗಾರರಂತೆ. ಬೀಗರಿಗೆ ಮೊದಲಿನಿಂದಲೂ ಗೊತ್ತಿತ್ತು. ‘ಹೆಣ್ಣಿನ ಕಡೆಯವರ ಮನಸ್ಸು ಯಾಕ ಮುರೀಬೇಕಂತ ಸುಮ್ಮನಿದ್ದೆ’ ಎಂದರು!

ಮಕ್ಕಳ ಮನೆಗೆ ಬಂದು ನಾಲ್ಕು ಗೋಡೆ ನೋಡುತ್ತಾ ಕೂತಿದ್ದ ಕನ್ನಡದ ಅಜ್ಜ ಅಜ್ಜಿಯರಿಗೆಲ್ಲ ಶನಿವಾರ ಮಧ್ಯಾಹ್ನ ಹಬ್ಬವಾಯಿತು. ಚಾನೆಲ್ಲಿಗೆ ಫೋನಿನ ಮೇಲೆ ಫೋನು. ಯಾರೋ ಕ್ಯಾಸೆಟ್ಟಿಗೆ ಇಳಿಸಿ ಅಟ್ಲಾಂಟದ ಹತ್ತಿರದ ನಾರ್‌ಕ್ರಾಸಿಗೆ ಕಳಿಸಿದರು. ಅಲ್ಲಿಯ ಅಂಗಡಿಯವನು ಬೇಳೆ ತೂಗುವ ಜಾಗದಲ್ಲೇ ಟಿ.ವಿ. ಇಟ್ಟನಂತೆ. ಅಲ್ಲಿಂದ ಅದು ಕೆರೊಲಿನಾಕ್ಕೂ ಹೋಯಿತು. ಅಲ್ಲಿಯ ಷಾರ್ಲಟ್ಟಿನಿಂದ ಡಾಕ್ಟರೊಬ್ಬರ ತಾಯಿ ಫೋನು ಮಾಡಿ, ‘ನನಗ ಮಗನೂ ಅದಾನ, ಮಗಳೂ ಅದಾಳ. ಯಾವ ಕಡೆ ಚಪ್ಪಾಳಿ ಹೊಡೀಲ್ರಿ?’ ಎಂದು ಕೇಳಿದರು. ‘ಚೆಂಡು ಯಾರ ಕಡೆ ಐತಿ ಅವರಿಗೆ!’ ಎಂದರು ಬೀಗರು. ಅರ್ಧ ಗಂಟೆ ಮುದುಕನಿಗೇ ಉಳಿಯಿತು. ಮಡಕೆ ಕಲಿಸುವ ಹೆಂಗಸಿಗೆ ಭಾನುವಾರ ಸಿಕ್ಕಿತು. ದೇವರು ಅವಳನ್ನೂ ಚೆನ್ನಾಗಿಟ್ಟಿರಲಿ.

ಡಾಕ್ಟರು ವಾರ ಎಣಿಸಿದರು, ಮಗಳು ಶನಿವಾರ ಎಣಿಸಿದಳು. ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಎರಡು ದಿನಕ್ಕೆ ನೋವು ನಿಂತು ವಾಪಸು ಬಂದೆವು. ಹಾಸಿಗೆಯ ಮೇಲೆ ಒರಗಿ ಅವಳು ಮೊದಲು ಕೇಳಿದ್ದು, ‘ನಾಳೆ ಶನಿವಾರ ಅಲ್ಲೇನವ್ವಾ?’ ಆ ತಿಂಗಳು ದಾಟಿದ ದಿನ, ತಾನಾಗಿಯೇ, ‘ಒಂದು ಕುಲಾವಿ ಹೊಲಿ. ಹಳದಿ ಅರಿವೀದು’ ಎಂದಳು. ನಾನು ಸೂಜಿಗೆ ದಾರ ಪೋಣಿಸಲು ಮುಕ್ಕಾಲು ಗಂಟೆ ತೆಗೆದುಕೊಂಡೆ. ಕಣ್ಣು ಕಾಣಬೇಕಲ್ಲ!

ಮೊನ್ನೆ ಮಂಗಳವಾರ ಬೆಳಿಗ್ಗೆ ಹೆಣ್ಣು ಕೂಸು ಹುಟ್ಟಿತು. ಮೂರು ವಾರ ಮೊದಲೇ ಬಂದರೂ ಕೈಕಾಲು ಗಟ್ಟಿ, ಗಂಟಲು ಅದಕ್ಕಿಂತ ಗಟ್ಟಿ. ಬಂಗಾರ! ಅದರ ಹತ್ತು ಬೆರಳನ್ನೂ ನಾನು ಮುಟ್ಟಿ ಮುಟ್ಟಿ ನೋಡಿದೆ. ಅಳಿಯಂದಿರು ಕೇಳಿದರೂ ಕೊಡಲಿಲ್ಲ.

ಬೀಗರೆಲ್ಲಿ? ಆಸ್ಪತ್ರೆಯ ಓಣಿಯಂಥ ದಾರಿಯಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಕೂಸನ್ನೆತ್ತಿಕೊಂಡು ಬಾಗಿಲಿಗೆ ಹೋಗಿ ಕರೆದೆ. ‘ಇರಲಿ ಬಿಡ್ರಿ’ ಎಂದರು. ಸೊಸೆ ಮಲಗಿದ ಕೋಣೆಗೆ ಮಾವನಾದವನು ಕಾಲಿಡುವುದಿಲ್ಲ, ಎದುರು ನಿಂತು ಮಾತಾಡುವುದೂ ಇಲ್ಲ. ನಮ್ಮ ಕಡೆಯ ರೀತಿ. ಎಷ್ಟು ಸಹಜವೆಂದರೆ ಅಷ್ಟು ತಿಂಗಳು ಮನೆಯಲ್ಲೂ ಅವರು ಅವಳ ಕೋಣೆಯ ಹೊಸ್ತಿಲು ದಾಟಿಯೇ ಇಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ.

‘ಈಗಾದರೂ ಹೇಳ್ರಿ, ಈ ಆಟದ ಹುಚ್ಚು ಯಾಕ ಹಚ್ಚಿಕೊಂಡ್ರಿ?’ ಎಂದು ಕೇಳಿದೆ.

ಅವರು ನೆಲ ನೋಡುತ್ತಾ ಹೇಳಿದರು. ‘ಆಕಿ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳಂತ ಮಗ ಹೇಳಿದ. ಒಂದು ಧೈರ್ಯದ ಮಾತು ಹೇಳೋಣು ಅಂದ್ರ ನಾ ಒಳಗ ಹೋಗಾಂಗಿಲ್ಲ. ಆ ಕೋಣ್ಯಾಗ ಟಿ.ವಿ. ಇತ್ತು. ಅದರೊಳಗಿಂದ ಹ್ವಾದೆ.’

ಒಳಗಿನಿಂದ ಮಗಳು ಕರೆದಳು: ‘ಮಾವಾರ, ಬರ್ರಿ. ಒಳಗ ಬರ್ರಿ.’

ಬೀಗರು ಬಾಗಿಲ ಹೊರಗೆ ಬೂಟು ಬಿಚ್ಚಿಟ್ಟು ಬಂದರು. ಕೂಸನ್ನು ಅವರ ಕೈಗಿಟ್ಟು, ಸೆರಗು ಹೊದ್ದು, ಅವರ ಮುಂದೆ ನೆಲಕ್ಕೆ ತಲೆ ಮುಟ್ಟಿಸಿದೆ. ಮದುವೆಯಲ್ಲಿಯೂ ಮಾಡಿದ್ದೆ, ಅದು ರೂಢಿಗೆ.

‘ಏಳ್ರಿ ಬೀಗತಿಯವರ, ಅಳಬ್ಯಾಡ್ರಿ’ ಎಂದರು. ‘ಕೂಸು ನೋಡಾಕ ಹತ್ತೈತಿ.’